ಬಾಣವಿಲ್ಲದೆ ಬಿಟ್ಟ ಬಿಲ್ಲು

೨೦೧೫ರ ಚಳಿಗಾಲ. ಆಗ ನಾನು ಅಬುಧಾಬಿಯ ಹೊರವಲಯದ ಒಂದು ಬಿಲ್ಲುಗಾರಿಕೆ ಕ್ಲಬ್ಬಿನಲ್ಲಿ ಸಹಾಯಕಿಯಾಗಿದ್ದೆ. ನನ್ನ ಓದು ಆರನೇ ಕ್ಲಾಸಿಗೆ ನಿಂತಿತ್ತು. ಆ ಕೆಲಸ ಸಿಕ್ಕಿದ್ದು ನನ್ನ ತಮ್ಮ ಸುಕೇಶನಿಂದ. ಅವನು ಅದೇ ಕ್ಲಬ್ಬಿನಲ್ಲಿ ಬಿಲ್ಲು ರಿಪೇರಿ ಮಾಡುತ್ತಿದ್ದ. ಮೂಡುಬಿದಿರೆಯಲ್ಲಿ ಸೈಕಲ್ ಅಂಗಡಿಯಲ್ಲಿದ್ದ ಹುಡುಗ, ಇಲ್ಲಿಗೆ ಬಂದು ನೋಡಿ ನೋಡಿಯೇ ಈ ಕೆಲಸ ಕಲಿತಿದ್ದ.

ಮಂಗಳವಾರ ಹೆಂಗಸರ ದಿನ. ಅಂದು ಗಂಡಸರು ಯಾರೂ ಮೈದಾನಕ್ಕೆ ಕಾಲಿಡುವಂತಿಲ್ಲ, ರಿಪೇರಿ ಮಾಡುವವನೂ ಸಹ. ತಮ್ಮನ ಕೋಣೆ ಗೋಡೆಯ ಆಚೆಗಿತ್ತು. ಯಾರದ್ದಾದರೂ ಬಿಲ್ಲು ಕೆಟ್ಟರೆ ನಾನು ಅದನ್ನು ಹೊತ್ತು ಉದ್ದ ಕಾರಿಡಾರ್ ದಾಟಿ ಅವನ ಮೇಜಿನ ಮೇಲಿಡಬೇಕು. ಹೆಂಗಸರು ಆ ಬಿಲ್ಲು ಹೊಡೆಯುವುದನ್ನು ಅವನು ನೋಡುವಂತಿಲ್ಲ, ಅದರ ಶಬ್ದ ಅವನಿಗೆ ಕೇಳುವುದೂ ಇಲ್ಲ. ನಾನು ಕೇಳಿದ್ದನ್ನು ಹೇಳಬೇಕು, ಅವನು ಅದರ ಮೇಲೆ ಕೆಲಸ ಮಾಡಬೇಕು.

ನಮ್ಮ ಮನೆಮಾತು ತುಳು, ನಾವು ಆಡಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಎಂತ ಶಬ್ದ ಅಕ್ಕ?” ಎಂದು ತಮ್ಮ ಕೇಳುತ್ತಿದ್ದ.

“ದೋಸೆ ಕಾವಲಿ ನೆಲಕ್ಕೆ ಬಿದ್ದ ಹಾಗೆ.”

“ನಿನ್ನ ಕಾವಲಿಯಾ, ಅಮ್ಮನದ್ದಾ?”

“ಅಮ್ಮನದ್ದು.”

“ಹಾಗಾದ್ರೆ ದೊಡ್ಡ ಸ್ಕ್ರೂ” ಎಂದು ನಗುತ್ತಾ ಅದನ್ನೇ ಬಿಗಿ ಮಾಡುತ್ತಿದ್ದ. ಹೆಚ್ಚಿನ ಸಲ ಅಷ್ಟಕ್ಕೇ ಸರಿಯಾಗುತ್ತಿತ್ತು. “ನನ್ನ ಕೈ, ನಿನ್ನ ಕಿವಿ” ಎನ್ನುತ್ತಿದ್ದ. ಹೆಚ್ಚು ಓದದ ನನಗೆ ಆ ಮಾತು ದೊಡ್ಡ ಸರ್ಟಿಫಿಕೇಟಿನಂತೆ ಇತ್ತು.

ಅವನು ನನಗೆ ಹೇಳಿಕೊಟ್ಟಿದ್ದ ನಿಯಮ ಒಂದೇ: ಬಾಣವಿಲ್ಲದೆ ಹೆದೆ ಎಳೆದು ಬಿಡಬಾರದು. ಬಿಲ್ಲಿನ ಬಲವನ್ನು ಬಾಣ ತೆಗೆದುಕೊಂಡು ಹೋಗುತ್ತದೆ. ಬಾಣ ತೀರ ಹಗುರವಾದರೆ ಉಳಿದ ಬಲ ಬಿಲ್ಲಿನಲ್ಲೇ ನಡುಗುತ್ತದೆ, ಶಬ್ದ ಬರುತ್ತದೆ. ಬಾಣವೇ ಇಲ್ಲದಿದ್ದರೆ ಅಷ್ಟೂ ಬಲ ಬಿಲ್ಲಿಗೇ ಹೊಡೆಯುತ್ತದೆ, ಮೇಲೂ ಕೆಳಗೂ ಬಾಗುವ ಪಟ್ಟಿಗಳು ಬಿರುಕು ಬಿಡಬಹುದು. ಆ ಬಿರುಕು ಎಷ್ಟೋ ಸಲ ಕಣ್ಣಿಗೆ ಕಾಣುವುದಿಲ್ಲ. ಹತ್ತಿಯ ತುಂಡಿನಿಂದ ಮೆಲ್ಲಗೆ ಉಜ್ಜಿದರೆ ಬಿರುಕಿದ್ದಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ. ನಾನು ದೀಪದ ಬತ್ತಿಗೆಂದು ಊರಿನಿಂದ ತರುತ್ತಿದ್ದ ಹತ್ತಿಯಲ್ಲೇ ಒಂದಿಷ್ಟು ಅವನ ಮೇಜಿನ ಖಾನೆಯಲ್ಲಿ ಇರುತ್ತಿತ್ತು. ಯಾರಾದರೂ ಬಾಣವಿಲ್ಲದೆ ಬಿಟ್ಟಿದ್ದಾರೆ ಎಂದು ನಾನು ಹೇಳಿದರೆ ಮಾತ್ರ ಅದು ಹೊರಗೆ ಬರುತ್ತಿತ್ತು.

ಆ ಮಂಗಳವಾರ ಉಮ್ ಸಾಲಿಂ ಎಂಬ ಹಿರಿಯ ಹೆಂಗಸು ತಮ್ಮ ಹೊಸ ಬೇಟೆಯ ಬಿಲ್ಲು ತಂದಿದ್ದರು. ಎರಡು ತುದಿಗೂ ಗಾಲಿಗಳಿರುವ ಕಾಂಪೌಂಡ್ ಬಿಲ್ಲು. ಗಂಡನ ಜೊತೆ ಆಫ್ರಿಕಾಕ್ಕೆ ಬೇಟೆಗೆ ಹೋಗುವವರಿದ್ದರು. ಭಾರತದೊಡನೆ ವ್ಯಾಪಾರವಿದ್ದ ಹಳೇ ಕಾಲದ ಅರಬರಾದ್ದರಿಂದ ಹಿಂದಿ ಚೆನ್ನಾಗಿ ಬರುತ್ತಿತ್ತು. “ಬೇಟಿ, ಬಿಟ್ಟ ಕೂಡಲೇ ಕೈಯೆಲ್ಲ ನಡುಗುತ್ತದೆ. ಈ ಶಬ್ದಕ್ಕೆ ಜಿಂಕೆ ಅಲ್ಲ, ಅದರ ಅಜ್ಜಿಯೂ ಓಡಿಹೋಗುತ್ತಾಳೆ. ಭಾಯಿಗೆ ಕೊಡು” ಎಂದರು.

ಸುಕೇಶ ಬಿಲ್ಲಿಗೆ ಸಿಕ್ಕಿಸಿದ್ದ ಬಾಣದ ಗೂಡಿನ ಸ್ಕ್ರೂ ಬಿಗಿ ಮಾಡಿದ, ಹೆದೆಗೆ ಮೇಣ ಹಚ್ಚಿದ, ಸ್ವಲ್ಪ ಭಾರದ ಬಾಣಗಳನ್ನು ಕೊಟ್ಟ. “ನಡುಗುವುದು ಹಿಡಿಯಲ್ಲಿಯಾ, ಹೆದೆಯಲ್ಲಿಯಾ? ಸರಿಯಾಗಿ ನೋಡಿಕೊಂಡು ಬಾ” ಎಂದ.

ನಾನು ಮರಳಿ ಬರುವಾಗ ಉಮ್ ಸಾಲಿಂ ನಮಾಜಿಗೆ ಹೋಗಿದ್ದರು. ಮೈದಾನದಲ್ಲಿ ಯಾರೂ ಇರಲಿಲ್ಲ. ಬಿಲ್ಲು ನನ್ನ ಕೈಯಲ್ಲಿತ್ತು. ವರ್ಷದಿಂದ ಬಿಲ್ಲು ಹೊತ್ತವಳು, ಒಮ್ಮೆಯೂ ಎಳೆದವಳಲ್ಲ. ನಡುಕ ಎಲ್ಲಿ ಎಂದು ಕೇಳಿದ್ದಾನಲ್ಲ, ಎಳೆದರೆ ತಿಳಿಯುತ್ತದೆ ಎಂದು ಮನಸ್ಸಿಗೆ ಸಬೂಬು ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಆಸೆಯಾಗಿತ್ತು.

ಹೇಗೂ ಬಿಡುವುದಿಲ್ಲವಲ್ಲ ಎಂದು ಬಾಣ ಹಾಕದೆಯೇ ಕಷ್ಟಪಟ್ಟು ಎಳೆದೆ. ಪೂರ್ತಿ ಎಳೆದ ಮೇಲೆ ಕಾಂಪೌಂಡ್ ಬಿಲ್ಲು ಹಗುರವಾಗುತ್ತದೆ. ಅಬ್ಬ, ಎಷ್ಟು ಸುಲಭ ಎನಿಸಿತು. ಆದರೆ ಮೆಲ್ಲಗೆ ಹಿಂದಕ್ಕೆ ಬಿಡಲು ಹೋದಾಗ ಆ ಹಗುರ ಹೋಗಿ ಒಮ್ಮೆಲೇ ಜಗ್ಗಿತು. ಹೆದೆ ಬೆರಳಿನಿಂದ ಜಾರಿತು.

ಆ ಶಬ್ದವನ್ನು ಯಾವ ಪಾತ್ರೆಗೂ ಹೋಲಿಸಲಾರೆ. ನಡುಕ ಭುಜದವರೆಗೂ ಬಂತು. ಬಿಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದೆ. ಹೆದೆ ಅಲ್ಲೇ ಇತ್ತು, ಗಾಲಿಗಳು ಅಲ್ಲೇ ಇದ್ದವು. ಏನೂ ಆಗಿಲ್ಲ ಎಂದುಕೊಂಡೆ.

ಉಮ್ ಸಾಲಿಂ ಬಂದು ಒಂದೆರಡು ಬಾಣ ಬಿಟ್ಟರು. ನಾನು ಹಿಂದೆ ನಿಂತು ಗಾಲಿಗಳನ್ನೇ ನೋಡುತ್ತಿದ್ದೆ. “ಶಬ್ದ ಕಡಿಮೆಯಾಗಿದೆ” ಎಂದರು. “ಆದರೆ ಎಳೆಯುವಾಗ ಎಲ್ಲೋ ಚಿಟ್ ಎನ್ನುತ್ತದೆ. ಮೊದಲು ಇರಲಿಲ್ಲ.”

ಮತ್ತೆ ಕಾರಿಡಾರ್. ತಮ್ಮ ಕೇಳಿದ, “ಚಿಟ್ ಅಂತದಾ? ಅಕ್ಕ, ಯಾರಾದ್ರೂ ಬಾಣ ಇಲ್ಲದೆ ಬಿಟ್ಟರಾ?”

“ಇಲ್ಲ.”

“ನೀನು ಬೇರೆ ಕಡೆ ನೋಡುವಾಗ ಮೇಡಂ ಹಾಗೆ ಬಿಟ್ಟಿರಲಿಕ್ಕಿಲ್ಲ ಅಲ್ವಾ?”

“ನಾನು ಅಲ್ಲೇ ಇದ್ದೆ ಮಾರಾಯ. ಇಲ್ಲ ಅಂದ್ರೆ ಇಲ್ಲ.”

ಅವನು ನಂಬಿದ. ಹತ್ತಿ ಖಾನೆಯಲ್ಲೇ ಉಳಿಯಿತು. ಎರಡು ಗಾಲಿಗಳ ನಡುವಿನ ತಂತಿ ಜಾರುವ ಜಾಗ ಒಣಗಿದೆಯೇನೋ ಎಂದು ಅಲ್ಲಿ ಗ್ರೀಸ್ ಹಚ್ಚಿದ. ನಡುಕ ಹೀರಲು ಹೆದೆಗೂ ಪಟ್ಟಿಗಳಿಗೂ ರಬ್ಬರ್ ತುಂಡುಗಳನ್ನು ಹಾಕಿದ. ಬಿಲ್ಲಿಗೆ ಹೊಸದೇನಾದರೂ ಜೋಡಿಸಿದರೆ ಮೂರು ಬಾಣ ತಾನೇ ಹೊಡೆಯದೆ ಹಿಂದೆ ಕೊಡುವ ಅಭ್ಯಾಸ ಅವನಿಗೆ ಇರಲಿಲ್ಲ. ಕೋಣೆಯ ಹಿಂದಿನ ಅಂಗಳಕ್ಕೆ ಹೋದ. ನಾನೂ ಹೋದೆ.

ಹೇಳು, ಈಗ ಹೇಳು ಎಂದು ಒಳಗೆ ಯಾರೋ ತಿವಿಯುತ್ತಿದ್ದರು. ಹೇಳಿದರೆ ಕೆಲಸ ಹೋಗುತ್ತದೆ, ವೀಸಾ ಹೋಗುತ್ತದೆ, ಎಲ್ಲಕ್ಕಿಂತ ಅವನ ಮುಖ ಹೇಗಾಗುತ್ತದೆ ಎಂಬ ಹೆದರಿಕೆ. ಮೊದಲ ಬಾಣ ಬಿಟ್ಟ. ಶಬ್ದವೇ ಇಲ್ಲ. ತಿರುಗಿ ನೋಡಿ, “ಹೇಗುಂಟು? ಬೆಣ್ಣೆ” ಎಂದ. ಎರಡನೆಯದಕ್ಕೂ ಶಬ್ದವಿಲ್ಲ. ಶಬ್ದ ಅಡಗಿತಲ್ಲ, ಹಾಗಾದರೆ ನನ್ನಿಂದ ಏನೂ ಆಗಿಲ್ಲ ಎಂದು ದೇವರಿಗೆ ಕೈಮುಗಿದೆ.

ಮೂರನೆಯದನ್ನು ಪೂರ್ತಿ ಎಳೆದು ಗುರಿ ನೋಡುತ್ತಿರುವಾಗ ಮೇಲಿನ ಪಟ್ಟಿ ಸೀಳಿತು. ಬಿಲ್ಲು ಅವನ ಕೈಯಿಂದ ಹಾರಿತು. ಅವನು ಮುಖ ಮುಚ್ಚಿಕೊಂಡು ಕೂತುಬಿಟ್ಟ. ಬೆರಳ ಸಂದಿಯಿಂದ ರಕ್ತ ಬರುತ್ತಿತ್ತು. “ಅಕ್ಕ, ಕಣ್ಣು ಉಂಟಾ ನೋಡು. ಕಣ್ಣು ಉಂಟಾ?” ಎಂದು ಕೇಳಿದ. ಕೈ ಸರಿಸಿ ನೋಡಲು ನನಗೆ ಧೈರ್ಯ ಬರಲಿಲ್ಲ.

ಕಣ್ಣು ಉಳಿದಿತ್ತು. ಅದರ ಕೆಳಗೆ, ಒಂದು ಬೆರಳಿನಷ್ಟು ಅಂತರದಲ್ಲಿ, ಕೆನ್ನೆ ಸೀಳಿತ್ತು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು.

ಅವನು ಕೆಲಸಕ್ಕೆ ಮರಳಿದ ದಿನ ಮ್ಯಾನೇಜರ್ ಇಬ್ಬರನ್ನೂ ಕರೆದರು. ಪಟ್ಟಿಗಳನ್ನು ಪರೀಕ್ಷೆ ಮಾಡಿದ್ದೆಯಾ ಎಂದು ಅವನನ್ನು ಕೇಳಿದರು. “ಇಲ್ಲ ಸರ್, ಅಗತ್ಯ ಕಾಣಲಿಲ್ಲ. ನನ್ನದೇ ತಪ್ಪು” ಎಂದ. ನನ್ನ ಕಡೆ ತಿರುಗಿ, “ನೀನು ಏನಾದರೂ ನೋಡಿದೆಯಾ?” ಎಂದರು. ಅಲ್ಲೂ ನಾನು “ನೋ ಸರ್” ಎಂದೆ. ಮೊದಲ ಸುಳ್ಳು ಹೆದರಿಕೆಯಿಂದ ಬಾಯಿಗೆ ಬಂದದ್ದು. ಇದು ಅವನ ಕೆನ್ನೆಯ ಹೊಲಿಗೆಯನ್ನು ನೋಡುತ್ತಲೇ ಹೇಳಿದ್ದು.

ಅವನನ್ನು ರಿಪೇರಿಯಿಂದ ತೆಗೆದು, ಮಂಗಳವಾರ ಬಿಟ್ಟು ಉಳಿದ ದಿನಗಳಲ್ಲಿ ಬಿಸಿಲಿನಲ್ಲಿ ಬಾಣ ಹೆಕ್ಕುವ ಕೆಲಸಕ್ಕೆ ಹಾಕಿದರು. ಅವನು ಜಗಳವಾಡಲಿಲ್ಲ. ಶುಕ್ರವಾರ ಪೇಟೆಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿದ್ದ ನನ್ನ ರೂಮಿಗೆ ಊಟಕ್ಕೆ ಬಂದರೆ ಮೀನಿನ ಸಾರಿನ ಮುಂದೆ ತನ್ನ ಎರಡೂ ಕೈಗಳನ್ನು ನೋಡುತ್ತಾ ಕೂರುತ್ತಿದ್ದ. ಒಂದು ದಿನ ತನ್ನ ಕುಕ್ಕರಿನ ಹಿಡಿ ಸಡಿಲವಾಗಿದೆ ಎಂದ. ಬಿಗಿ ಮಾಡಿಕೊಳ್ಳೋ ಎಂದೆ. “ನನಗೆ ಬೇಡ, ಬೇರೆ ಯಾರಿಗಾದ್ರೂ ಕೊಡ್ತೇನೆ” ಎಂದ. ನಾನು ಅರ್ಧಕ್ಕೇ ನನ್ನ ತಟ್ಟೆ ಎತ್ತಿಟ್ಟೆ.

ಮರುದಿನ ಕ್ಲಬ್ಬಿನ ಗೇಟಿನಲ್ಲಿ ಬಸ್ಸಿಗೆ ಕಾಯುವಾಗ ಹೇಳಿಬಿಟ್ಟೆ. ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಕೇಳಿದ್ದು ಬೇರೆಯೇ.

“ಪೂರ್ತಿ ಎಳೆದಿದ್ದೆಯಾ?”

“ಪೂರ್ತಿ.”

“ಬಾಣ ಇಲ್ಲದೆ?”

“ಇಲ್ಲದೆ.”

ಅವನು ಕಲ್ಲಿನ ಮೇಲೆ ಕೂತ. “ಹಾಗಾದ್ರೆ ನನ್ನ ಕೈಯಿಂದ ಆದದ್ದಲ್ಲ” ಎಂದ. “ನಾನು ರಾತ್ರಿಯೆಲ್ಲ ಲೆಕ್ಕ ಹಾಕ್ತಿದ್ದೆ ಅಕ್ಕ. ಯಾವ ಸ್ಕ್ರೂ ಜಾಸ್ತಿ ಬಿಗಿ ಮಾಡಿದೆ, ರಬ್ಬರ್ ಎಲ್ಲಿ ತಪ್ಪು ಹಾಕಿದೆ ಅಂತ. ನನಗೆ ಈ ಕೆಲಸ ಬರುವುದಿಲ್ಲ ಅಂತಲೇ ಅಂದುಕೊಂಡಿದ್ದೆ.”

ಬಸ್ಸು ಬಂತು. ಅವನು ಹತ್ತಲಿಲ್ಲ. “ನೀನು ಹೋಗು” ಎಂದ.

ಮಾರನೆಯ ದಿನ ನಾನೇ ಮ್ಯಾನೇಜರ್ ಬಳಿ ಹೋಗಿ ಎಲ್ಲ ಹೇಳಿದೆ. ಕೆಲಸ ಹೋಗಲಿಲ್ಲ, ಅದೇ ಆಶ್ಚರ್ಯ. ಎಚ್ಚರಿಕೆ ಕೊಟ್ಟರು, ತಮ್ಮನನ್ನು ಮತ್ತೆ ರಿಪೇರಿಗೆ ಹಾಕಿದರು. ಉಮ್ ಸಾಲಿಂ ನನ್ನನ್ನು ಬೈಯಲಿಲ್ಲ. “ನಿನ್ನ ಭಾಯಿಗೆ ಬಿದ್ದದ್ದು ನನ್ನ ಮುಖಕ್ಕೆ ಬೀಳಬೇಕಿದ್ದ ಏಟು” ಎಂದಷ್ಟೇ ಹೇಳಿ, ಆ ದಿನ ಮುರಿದದ್ದರ ಬದಲಿಗೆ ಕೊಂಡ ಬಿಲ್ಲನ್ನು ನನ್ನ ಕೈಗೆ ಕೊಡದೆ ತಾವೇ ಹಿಡಿದುಕೊಂಡು ಹೋದರು.

ನಾನು ಮತ್ತೆ ಬಿಲ್ಲು ಹೊತ್ತು ಹೋದಾಗ ತಮ್ಮ ಏನೂ ಕೇಳಲಿಲ್ಲ. ಖಾನೆ ಎಳೆದು ಹತ್ತಿ ತೆಗೆದು ಎರಡೂ ಪಟ್ಟಿಗಳ ಮೇಲೆ ಮೆಲ್ಲಗೆ ಉಜ್ಜಿದ. ಆ ಮೇಲೆ ಪ್ರತಿ ಬಿಲ್ಲಿಗೂ ಹಾಗೆಯೇ. ಕೋಪದ ಒಂದು ಮಾತಿಲ್ಲ, ಶುಕ್ರವಾರದ ಊಟವೂ ತಪ್ಪಲಿಲ್ಲ. ಆದರೆ ಶಬ್ದ ಹೇಗಿತ್ತು ಎಂದು ಮಾತ್ರ ಕೇಳುತ್ತಿರಲಿಲ್ಲ.

ಬೇಸಿಗೆ ಕಳೆದು ಮತ್ತೆ ತಂಪು ಶುರುವಾದಾಗ, ಒಂದು ಮಂಗಳವಾರ, ತಲೆ ಎತ್ತದೆ ಕೇಳಿದ. “ಎಂತ ಶಬ್ದ ಅಕ್ಕ?”

ಇದ್ದದ್ದು ಇದ್ದ ಹಾಗೆ ಹೇಳಿದೆ. ದಾರಿಯಲ್ಲಿ ಬಿಲ್ಲಿನ ತುದಿ ಬಾಗಿಲಿಗೆ ಸ್ವಲ್ಪ ತಗಲಿದ್ದನ್ನೂ ಹೇಳಿದೆ. ಅವನು ತಲೆಯಾಡಿಸಿದ. ಆಮೇಲೆ ಖಾನೆ ಎಳೆದು ಹತ್ತಿ ತೆಗೆದ.

ಈಗ ನಾನು ಊರಿನಲ್ಲಿದ್ದೇನೆ. ಅವನು ಅಲ್ಲೇ ಇದ್ದಾನೆ, ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಸಂಜೆ ದೀಪಕ್ಕೆ ಬತ್ತಿ ಹೊಸೆಯುವಾಗ ಹತ್ತಿಯ ಎಳೆ ಬೆರಳಿನ ಬಿರುಕಿಗೆ ಸಿಕ್ಕಿಕೊಂಡರೆ ನಾನು ಒಂದು ಕ್ಷಣ ಹಾಗೆಯೇ ಕೂತುಬಿಡುತ್ತೇನೆ.