ಮೊಣಕಾಲಿನಿಂದ ಸರಿಸಿದ ಕುರಿ

ಮೊನ್ನೆ ಮೊಮ್ಮಗಳು ದಪ್ಪ ನಿಘಂಟೊಂದನ್ನು ತೊಡೆಯ ಮೇಲಿಟ್ಟುಕೊಂಡು, "ಅಜ್ಜಿ, ಶೆಡ್ ಅಂದರ ಏನು, ಹೇಳು?" ಎಂದಳು. ತಗಡಿನ ಶೆಡ್ಡು ನನಗೇನು ಹೊಸದೇ ಎಂದು ಬೀಗಿದೆ. ಅದಲ್ಲವಂತೆ. ಎಲೆ ಉದುರಿಸುವುದಕ್ಕೆ, ಕಣ್ಣೀರು ಸುರಿಸುವುದಕ್ಕೆ ಇಂಗ್ಲಿಷಿನಲ್ಲಿರುವ ಕ್ರಿಯಾಪದವಂತೆ. ಬಲು ಹಳೆಯ ಕಾಲದಲ್ಲಿ ಅದರ ಅರ್ಥ ಬೇರ್ಪಡಿಸು ಎಂದೇ ಇತ್ತಂತೆ. ಜರ್ಮನ್ ಭಾಷೆಯಲ್ಲಿರುವ ಅದರ ದಾಯಾದಿಗೆ ಈಗಲೂ ಅದೇ ಅರ್ಥವಂತೆ. ಇಂಗ್ಲಿಷ್ ನಾಡಿನ ಕುರುಬರು ಮಾತ್ರ ಹಿಂಡಿನಿಂದ ಕುರಿ ಬೇರೆ ಮಾಡುವಾಗ ಇಂದಿಗೂ ಆ ಮಾತನ್ನೇ ಆಡುತ್ತಾರಂತೆ.

ನಾನೂ ಕುರುಬರ ಮಗಳು. ಆ ಕೆಲಸ ನಾನೂ ಒಮ್ಮೆ ಮಾಡಿದ್ದೇನೆ, ನೀಚತನದಿಂದ.

ನಿಜಾಮರ ಕಾಲ. ಮಕ್ತಲ್ ಹತ್ತಿರದ ನಮ್ಮೂರಿನಲ್ಲಿ ಅಪ್ಪ ಮತ್ತು ಕಾಕಾ ಬೇರೆಯಾಗುವುದೆಂದು ತೀರ್ಮಾನವಾಯಿತು. ಹೊಲ ಅಳೆದು ಹಂಚಲು ಊರ ಲೆಕ್ಕದ ಪಟವಾರಿ ಬಂದ. ಕುರಿಗೆ ಮಾತ್ರ ನಮ್ಮ ಪದ್ಧತಿಯೇ ಬೇರೆ. ಕುಲದೇವರು ಬೀರಪ್ಪನ ಬಂಡಾರವನ್ನು, ಎಂದರೆ ಪೂಜೆಯ ಅರಿಶಿನವನ್ನು, ಹಣೆಗಿಟ್ಟುಕೊಂಡು ಮನೆಯ ಮದುವೆಯಾಗದ ಮಗಳು ದೊಡ್ಡಿಯ ಬಾಗಿಲಲ್ಲಿ ನಿಲ್ಲಬೇಕು. ಒಂದೊಂದೇ ಹೊರಬರುವ ಕುರಿಗಳಲ್ಲಿ ಒಂದು ಬಿಟ್ಟು ಒಂದಕ್ಕೆ ಕೆಂಪು ಜಾಜು ಬಳಿಯಬೇಕು. ಜಾಜಿನವು ನಮಗೆ, ಉಳಿದವು ಕಾಕಾಗೆ. ಅಂಥ ಹುಡುಗಿಗೆ ಪಕ್ಷಪಾತ ಗೊತ್ತಿಲ್ಲ ಎಂಬ ನಂಬಿಕೆ. ಪಾಪ, ಹಿರಿಯರು!

ಹಿಂಡಿನಲ್ಲಿ ಚುಕ್ಕಿ ಎಂಬ ಕುರಿಯಿತ್ತು. ತಾಯಿ ಸತ್ತ ಆ ಮರಿಯನ್ನು ಕಾಕಾನ ಹೆಂಡತಿ, ನನ್ನ ಕಾಕಿ, ಹಾಲಿನಲ್ಲಿ ಬಟ್ಟೆ ಅದ್ದಿ ಕುಡಿಸಿ ಬದುಕಿಸಿದ್ದಳು. ಅದು ದೊಡ್ಡದಾಗುವಷ್ಟರಲ್ಲಿ ಕಾಕಿಯೇ ತೀರಿಹೋದಳು. ಮಕ್ಕಳಿಲ್ಲದ ಕಾಕಾನ ಹಿಂದೆ ಚುಕ್ಕಿ ಸುತ್ತುತ್ತಿತ್ತು. ನನಗೂ ಅದರ ಮೇಲೆ ಆಸೆ. ಅದು ಬಾಗಿಲಿಗೆ ಬಂದಾಗ ಸರದಿ ಕಾಕಾನದು. ನಾನು ಮೊಣಕಾಲಿನಿಂದ ಅದನ್ನು ಹಿಂದಕ್ಕೆ ಸರಿಸಿ, ಇನ್ನೊಂದನ್ನು ಮುಂದೆ ಬಿಟ್ಟು, ಆಮೇಲೆ ಚುಕ್ಕಿಯ ಬೆನ್ನಿಗೆ ಜಾಜು ಬಳಿದೆ. ಅಪ್ಪ ನೋಡಲಿಲ್ಲ. ಕಾಕಾ ನೋಡಿದ.

ನಾಲ್ಕು ಜನರ ಮುಂದೆ ಅಣ್ಣನ ಮಗಳನ್ನು ಕಳ್ಳಿ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ತನ್ನ ಕುರಿ ಹೊಡೆದುಕೊಂಡು ಹೊಳೆ ದಾಟಿ ಗದ್ವಾಲ ಕಡೆ ಹೋದ.

ಚುಕ್ಕಿ ಮೇವು ಬಿಟ್ಟಿತು. ನಾನೂ ಊಟ ಬಿಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ, ಚೆನ್ನಾಗಿಯೇ ತಿಂದೆ. ಆದರೂ ಚುಕ್ಕಿ ಬಡವಾಗುವುದನ್ನು ನೋಡಿ ತಡೆಯಲಾಗದೆ ಎಂಟನೆಯ ದಿನ ಅಪ್ಪನಿಗೆ ನಿಜ ಹೇಳಿ, ಏಟು ತಿಂದು, ಅವನೊಂದಿಗೇ ಹರಿಗೋಲಿನಲ್ಲಿ ಚುಕ್ಕಿಯನ್ನು ಕರೆದೊಯ್ದೆ.

ದೂರದಿಂದ ನಮ್ಮನ್ನು ಕಂಡು ಕಾಕಾ ಒಮ್ಮೆ "ಹುರ್ರ್ ಬಾ" ಎಂದ. ಚುಕ್ಕಿ ಹಗ್ಗ ಕಿತ್ತುಕೊಂಡು ಓಡಿತು. ಕಾಕಾ ಅದರ ಕತ್ತು ತಬ್ಬಿ ಕುಳಿತ. ಆಮೇಲೆ ಹಗ್ಗ ತಂದು ನನ್ನ ಕೈಗೇ ಕೊಟ್ಟ.

"ತಗೊಂಡ್ ಹೋಗವ್ವಾ. ಬಂಡಾರ ಹಚ್ಕೊಂಡು ಹಾಕಿದ ಗುರ್ತು ಐತಿ. ಅಳಸಾಕ ನಂಗೂ ಬರಂಗಿಲ್ಲ, ನಿಂಗೂ ಬರಂಗಿಲ್ಲ."

"ತಮ್ಮಾ, ಹುಡುಗಿ ತಪ್ಪು ಮಾಡ್ಯಾಳ, ಇಟ್ಕೋ," ಎಂದ ಅಪ್ಪ.

"ನಾ ಅವತ್ತ ಸುಮ್ಮನಿದ್ದೆನಲ್ಲಣ್ಣಾ. ಅದೂ ತಪ್ಪ."

ಕಾಕಾನ ಮುಖ ನೋಡಲಾರದೆ ಹಗ್ಗ ಹಿಡಿದು ಹೊಳೆಯತ್ತ ಎಳೆದೆ. ಚುಕ್ಕಿ ತಿರುಗಿ ತಿರುಗಿ ಕೂಗುತ್ತಿತ್ತು. ಕಾಕಾ ಮತ್ತೆ ಕರೆಯಲಿಲ್ಲ. ಅವನಿಗೊಂದು ಮಾತು ನಾನು ಹೇಳಬೇಕಿತ್ತು. ಅಪ್ಪನೇ ಹೇಳಿದನಲ್ಲ ಎಂದುಕೊಂಡು ಕಾಕಾ ಬದುಕಿರುವ ತನಕವೂ ಹೇಳದೆ ಕಳೆದೆ.

ಮೊನ್ನೆ ಮೊಮ್ಮಗಳು ಆ ಶೆಡ್ ಪದದ ಅರ್ಥ ಬರೆದುಕೊಳ್ಳುತ್ತಿದ್ದಳು. ನನ್ನ ಬಾಯಿಂದ ಗಟ್ಟಿಯಾಗಿಯೇ ಹೊರಬಿತ್ತು: "ತಪ್ಪಾತು ಕಾಕಾ."

"ಯಾರಿಗ ಅಂದಿ ಅಜ್ಜಿ?" ಎಂದು ಹುಡುಗಿ ಬಾಗಿಲ ಕಡೆ ನೋಡಿದಳು. ನಾನೂ ನೋಡಿದೆ. ಯಾರೂ ಇರಲಿಲ್ಲ.