ಎರಡು ಡಿವಿಷನ್‌ಗಳ ನಡುವೆ ನಾನೆಳೆದ ಗೆರೆ

ನಮ್ಮ ಬೀದಿಗೆ ನೀರು ಬೆಳಿಗ್ಗೆ ಐದೂವರೆಗೆ ಬಂದು ಏಳಕ್ಕೆ ನಿಂತುಹೋಗುತ್ತಿದ್ದ ಕಾಲ ಅದು. ಗಡಿಯಾರವಿಲ್ಲದ ಮನೆಗಳೂ ಬೀದಿ ನಲ್ಲಿಯ ಸದ್ದಿಗೆ ಏಳುತ್ತಿದ್ದವು. ಮೊದಲು ಬುಸ್ಸೆಂದು ಗಾಳಿ, ಆಮೇಲೆ ಒಂದೆರಡು ಕೆಮ್ಮು, ಆಮೇಲೆ ತುಕ್ಕಿನ ಬಣ್ಣದ ನೀರು. ಅದು ತಿಳಿಯಾಗುವ ತನಕ ಯಾರೂ ಬಿಂದಿಗೆ ಒಡ್ಡಬಾರದು. ಚಾಮರಾಜಪೇಟೆಯ ಅಡ್ಡರಸ್ತೆಗಳಲ್ಲಿ ಬೆಳೆದವರಿಗೆ ಆ ಸದ್ದು ಇನ್ನೂ ಕಿವಿಯಲ್ಲಿರಬೇಕು.

ನಮ್ಮ ಮನೆಯಲ್ಲಿ ಎಲ್ಲಕ್ಕೂ ಹೊತ್ತು ಗೊತ್ತಾಗಿತ್ತು. ಅಪ್ಪಾಜಿಗೆ ಅವೆನ್ಯೂ ರಸ್ತೆಯಲ್ಲಿ ಕಾಗದ, ನೋಟ್‌ಬುಕ್ಕು, ಶಾಯಿ ಮಾರುವ ಅಂಗಡಿ. ಐದಕ್ಕೆ ಏಳಬೇಕು. ನೀರು ಬಂದು ನಿಲ್ಲುವುದರೊಳಗೆ ಸ್ನಾನ, ಲಿಂಗಪೂಜೆ, ಹಣೆಗೆ ವಿಭೂತಿ ಎಲ್ಲ ಮುಗಿಯಬೇಕು. ಎಂಟಕ್ಕೆ ತಿಂಡಿ. ಎಂಟೂ ಐದಕ್ಕೆ ಬಂದವರಿಗೆ ಉಪ್ಪಿಟ್ಟು ತಣ್ಣಗಾಗಿರುತ್ತಿತ್ತು. ಬಿಸಿ ಮಾಡಿಕೊಡಲು ಅಮ್ಮನಿಗೆ ಅನುಮತಿ ಇರಲಿಲ್ಲ.

ಇಂಥ ಮನೆಯಲ್ಲಿ ಬೆಳೆದದ್ದರಿಂದಲೋ ಏನೋ, ಹತ್ತು ವರ್ಷಕ್ಕೇ ಬೀದಿಯ ಹೆಂಗಸರು ನನಗೊಂದು ಹುದ್ದೆ ಕೊಟ್ಟಿದ್ದರು. ಹಿಂದಿನ ದಿನ ಸಂಜೆಯೇ ಎಲ್ಲರೂ ನಲ್ಲಿಯ ಮುಂದೆ ತಮ್ಮ ಗುರುತು ಇಟ್ಟುಹೋಗುತ್ತಿದ್ದರು: ಒಬ್ಬರದು ಇಟ್ಟಿಗೆ, ಒಬ್ಬರದು ತಳವಿಲ್ಲದ ಡಬ್ಬ, ಮೂಲೆಮನೆ ಗೌರಮ್ಮನವರದು ಒಡೆದ ಒರಳುಕಲ್ಲಿನ ಚೂರು. ಬೆಳಿಗ್ಗೆ ಆ ಗುರುತಿದ್ದ ಜಾಗಕ್ಕೆ ಅವರ ಬಿಂದಿಗೆ ಬರಬೇಕು. ಯಾವುದು ಯಾರದು ಎಂದು ನನಗೆ ಬಾಯಿಪಾಠವಾಗಿತ್ತು. ನಾನು ಹೇಳಿದರೆ ಮುಗಿಯಿತು. ಆ ಅಧಿಕಾರದ ರುಚಿ ಸಣ್ಣದಲ್ಲ.

ನಲ್ಲಿ ಇದ್ದದ್ದು ನಮ್ಮ ಸಾಲಿನಲ್ಲಿ. ಎದುರು ಸಾಲಿನ ದೊಡ್ಡ ಮನೆಗಳಿಗೆಲ್ಲ ಒಳಗೇ ನೀರಿತ್ತು. ಆ ಸಾಲಿನ ಕೊನೆಯಲ್ಲಿದ್ದ ನಾಲ್ಕು ಹೆಂಚಿನ ಮನೆಗಳವರು ಮಾತ್ರ ರಸ್ತೆ ದಾಟಿ ಬರುತ್ತಿದ್ದರು. ಅವರು ಕಾರ್ಪೊರೇಷನ್ನಿನಲ್ಲಿ ಬೀದಿ ಗುಡಿಸುವ ಕೆಲಸದವರು. ಸಾಲಿನಲ್ಲಿ ಅವರ ಬಿಂದಿಗೆಗಳಿಗೆ ಯಾವಾಗಲೂ ಕೊನೆಯ ಜಾಗ. ಅದನ್ನು ಗೊತ್ತುಮಾಡಿದವರು ಯಾರೋ ನಾನರಿಯೆ. ನಾನು ಸಾಲು ನೋಡಿಕೊಳ್ಳಲು ಬರುವ ಹೊತ್ತಿಗೇ ಅದು ಹಾಗಿತ್ತು, ನಾನು ಹಾಗೇ ಮುಂದುವರಿಸಿದೆ.

ನಮ್ಮ ಬೀದಿ ಗುಡಿಸುತ್ತಿದ್ದ ಹನುಮಂತಣ್ಣನ ಮನೆ ಅವುಗಳಲ್ಲಿ ಒಂದು. ಅವನ ಮಗಳು ಮುನಿಲಕ್ಷ್ಮಿ, ಎಲ್ಲರ ಬಾಯಲ್ಲಿ ಮುನಿ, ಶಾಲೆಯಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಲಂಗದ ಗಂಟಿನಲ್ಲಿ ಹುರಿಗಡಲೆ, ತಲೆಯಲ್ಲಿ ಹರಳೆಣ್ಣೆಯ ವಾಸನೆ. ಕುಂಟೆಬಿಲ್ಲೆಯಲ್ಲಿ ಅವಳನ್ನು ಸೋಲಿಸಿದವರಿಲ್ಲ. ಒಂಟಿ ಕಾಲಲ್ಲಿ ಎಂಟು ಮನೆ ದಾಟಿ ತಿರುಗಿ ಬರುವಾಗಲೂ ಅವಳ ಹೆಬ್ಬೆರಳು ಒಂದು ಗೆರೆಯನ್ನೂ ಸೋಕುತ್ತಿರಲಿಲ್ಲ.

ಆ ವರ್ಷ ಕಾರ್ಪೊರೇಷನ್ ಚುನಾವಣೆ ನಡೆದಿತ್ತು. ಈಗ ವಾರ್ಡ್ ಎನ್ನುವುದನ್ನು ಆಗ ನಮ್ಮಲ್ಲಿ ಡಿವಿಷನ್ ಎನ್ನುತ್ತಿದ್ದರು. ಊರಿನ ಡಿವಿಷನ್‌ಗಳನ್ನೆಲ್ಲ ತೋರಿಸುವ ನಕ್ಷೆಯೊಂದನ್ನು ಅಪ್ಪಾಜಿ ಅಂಗಡಿಯಿಂದ ಮನೆಗೆ ತಂದರು. ತಿಂಡಿಯ ಹೊತ್ತಿನಲ್ಲಿ ನನಗೆ ಪಾಠವೂ ಆಯಿತು. ಡಿವಿಷನ್ನಿಗೊಬ್ಬ ಕೌನ್ಸಿಲರ್. ಅವರೆಲ್ಲ ಸೇರಿದರೆ ಕೌನ್ಸಿಲ್ಲು. ಅವರೊಳಗಿಂದಲೇ ಒಬ್ಬರು ಮೇಯರ್. ರಸ್ತೆ, ಆರೋಗ್ಯ, ತೆರಿಗೆ ಒಂದೊಂದಕ್ಕೂ ಒಂದೊಂದು ಸ್ಥಾಯಿ ಸಮಿತಿ. ಇವರಾರೂ ಆರಿಸದ, ಸರ್ಕಾರ ಕಳಿಸುವ ಕಮಿಷನರ್ ಬೇರೆ.

"ಇವರಲ್ಲಿ ದೊಡ್ಡೋರು ಯಾರು ಅಪ್ಪಾಜಿ?"

"ನಿಮ್ಮ ಕ್ಲಾಸಿನ ಮಾನಿಟರ್‌ನ ಆರ್ಸೋದು ಯಾರು?"

"ನಾವೇ."

"ಹೆಡ್ಮಾಸ್ತರನ್ನ?"

"ಅವರನ್ನ ಮೇಲಿಂದ ಕಳಿಸ್ತಾರೆ."

"ಅಷ್ಟೇ. ಮೇಯರ್ ಮಾನಿಟರ್ ಇದ್ದ ಹಾಗೆ, ವರ್ಷಕ್ಕೊಬ್ಬರು. ಕಮಿಷನರ್ ಹೆಡ್ಮಾಸ್ತರಿದ್ದ ಹಾಗೆ. ಕೌನ್ಸಿಲ್ ಹೇಳತ್ತೆ, ಕಮಿಷನರ್ ಮಾಡಿಸ್ತಾರೆ."

"ಮಾಡಿಸ್ದೆ ಹೋದ್ರೆ?"

"ಉಪ್ಪಿಟ್ಟು ಆರ್ತಿದೆ, ತಿನ್ನು."

ನಕ್ಷೆಯಲ್ಲಿ ನನ್ನ ಕಣ್ಣು ಹೋದದ್ದು ನಮ್ಮ ಬೀದಿಗೆ. ಎರಡು ಡಿವಿಷನ್‌ಗಳ ಗಡಿ ನಮ್ಮ ಬೀದಿಯ ನಟ್ಟನಡುವೆ ಹಾದುಹೋಗಿತ್ತು! ಈ ಸಾಲಿಗೆ ಒಬ್ಬ ಕೌನ್ಸಿಲರ್, ಆ ಸಾಲಿಗೆ ಇನ್ನೊಬ್ಬ. ಕೂತಲ್ಲಿ ಕೂರಲಾಗಲಿಲ್ಲ. ಓಡಿಹೋಗಿ ನಲ್ಲಿಯ ಹತ್ತಿರ ಸಿಕ್ಕಿದವರಿಗೆಲ್ಲ ಹೇಳಿದೆ.

ಶಿವರಾತ್ರಿ ಕಳೆದು ಬಿಸಿಲು ಏರಿತು. ನಲ್ಲಿಯ ಧಾರೆ ಬೆರಳ ದಪ್ಪದಿಂದ ದಾರದ ದಪ್ಪಕ್ಕೆ ಇಳಿಯಿತು. ದಿನವೂ ಜಗಳ. ಒಂದು ಬೆಳಿಗ್ಗೆ ಗೌರಮ್ಮನವರು ಬಿಂದಿಗೆಯನ್ನು ಸೊಂಟಕ್ಕೇರಿಸಿಕೊಂಡು ಎಲ್ಲರ ಮುಂದೆ ಕೇಳಿದರು: "ಗಿರಿಜಾ, ನೀನು ಮ್ಯಾಪ್ ನೋಡಿದವಳಲ್ವೇನೇ? ನಲ್ಲಿ ಯಾರ ಡಿವಿಷನ್ನಿಂದು ಹೇಳು."

"ನಮ್ಮದು."

"ಆ ಕೊನೇ ನಾಲ್ಕು ಮನೆಗಳು?"

"ಅವು ಬೇರೆ ಡಿವಿಷನ್ನು."

"ನೋಡಿದ್ರಾ? ನಾನಲ್ಲಪ್ಪ, ಮ್ಯಾಪೇ ಹೇಳತ್ತೆ."

ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ನಾನು ಬಿಡಲಿಲ್ಲ. ಬಾಯಿಮಾತಿನ ಗಡಿ ನನಗೆ ಸಮಾಧಾನ ತರಲಿಲ್ಲ. ಅಂಗಡಿಯ ಕಟ್ಟುಗಳಿಗೆ ಸುತ್ತಿ ಬಂದ ಸೆಣಬಿನ ಹುರಿಯನ್ನು ಬೀದಿಯ ಈ ತುದಿಯಿಂದ ಆ ತುದಿಗೆ ಎಳೆದು ಕಟ್ಟಿದೆ. ಅದರ ಗುಂಟ ರಂಗೋಲಿ ಪುಡಿ ಬಿಡುತ್ತಾ ಹೋದೆ. ಎಲ್ಲಿಯೂ ಸೊಟ್ಟಗಾಗದ ಬಿಳಿಯ ಗೆರೆ. ಮುಗಿಸಿ ಸೊಂಟ ನೆಟ್ಟಗೆ ಮಾಡಿದಾಗ ಹನುಮಂತಣ್ಣ ಉದ್ದ ಪೊರಕೆ ಹಿಡಿದು ನಿಂತಿದ್ದ.

"ಇವತ್ತೇನು ಹಬ್ಬ ತಾಯೀ?"

"ಹಬ್ಬ ಅಲ್ಲ ಹನುಮಂತಣ್ಣ, ಇದು ಡಿವಿಷನ್ ಗಡಿ."

ಅವನು ಗೆರೆಯ ಉದ್ದಕ್ಕೂ ಒಮ್ಮೆ ನೋಡಿದ. ನಂತರ ಅದರ ಆಚೆ ಒಂದು ಗೇಣು, ಈಚೆ ಒಂದು ಗೇಣು ಬಿಟ್ಟು ಇಡೀ ಬೀದಿ ಗುಡಿಸಿದ. ಮರುದಿನ ನಾನು ಮತ್ತೆ ಪುಡಿ ಬಿಟ್ಟೆ. ಮರುದಿನವೂ ಅವನು ಅದನ್ನು ಮುಟ್ಟಲಿಲ್ಲ.

ಆ ನಾಲ್ಕು ಮನೆಗಳ ಬಿಂದಿಗೆಗಳು ನಲ್ಲಿಗೆ ಬರುವುದು ನಿಂತಿತು. ಯಾರೂ ಅವರನ್ನು ಬೈಯಲಿಲ್ಲ, ದಬ್ಬಲಿಲ್ಲ. ಗೆರೆ ತೋರಿಸಿದರು, ಅಷ್ಟೇ. ಎದುರು ಸಾಲಿನಲ್ಲಿ ಉಳಿದವರಿಗೆ ಮನೆಯೊಳಗೇ ನೀರಿತ್ತು. ಆ ಗೆರೆ ತಡೆದದ್ದು ಆ ನಾಲ್ಕು ಮನೆಗಳನ್ನು ಮಾತ್ರ. ಇದು ನನಗೆ ಕಂಡಿರಲಿಲ್ಲ. ಗೌರಮ್ಮನವರಿಗೆ ಕಂಡಿತ್ತು.

ಮುನಿ ಈಗ ಮೂರು ಬೀದಿ ಆಚೆಯ ತೊಟ್ಟಿಯಿಂದ ನೀರು ಹೊರಬೇಕಾಯಿತು. ಶಾಲೆಗೆ ತಡವಾಗತೊಡಗಿತು. ತಡವಾದವರು ಬಾಗಿಲ ಹೊರಗೆ ನಿಲ್ಲಬೇಕೆಂಬುದು ಮೇಷ್ಟ್ರ ನಿಯಮ. ಅವಳು ಅಲ್ಲಿಂದಲೇ ಕಿಟಕಿಯ ಸರಳಿನ ನಡುವೆ ನನ್ನ ಸ್ಲೇಟು ನೋಡಿ ಲೆಕ್ಕ ಬರೆದುಕೊಳ್ಳುತ್ತಿದ್ದಳು. ಒಂದು ಸಂಜೆ ಗೆರೆಯ ಆಚೆ ನಿಂತು ಕೇಳಿದಳು:

"ಗಿರಿಜಾ, ನಿನ್ನ ಗೆರೆ ತುಳಿದ್ರೆ ನಾನು ಔಟಾ?"

"ಆಟಕ್ಕೆ ಬಂದ್ರೆ ಔಟಿಲ್ಲ ಕಣೇ."

"ನೀರಿಗೆ ಬಂದ್ರೆ?"

ನಾನು ಚೆದುರಿದ ಪುಡಿಯನ್ನು ಕಾಲ್ಬೆರಳಿನಿಂದ ಗೆರೆಗೆ ಸರಿಸಿದೆ. ಅವಳೇ ಮುಂದುವರಿಸಿದಳು: "ನಮ್ಮವ್ವ ಸ್ಕೂಲ್ ಬಿಡು ಅಂತಾಳೆ. ಬಾಗ್ಲಲ್ಲಿ ನಿಂತ್ಕೊಳ್ಳೋಕೆ ಅಲ್ಲೀಗಂಟ ಯಾಕ್ ಹೋಗ್ಬೇಕು, ನಮ್ಮನೇಗೂ ಬಾಗ್ಲಿಲ್ವಾ ಅಂತಾಳೆ." ಹೇಳಿ ನಕ್ಕಳು. ಪರೀಕ್ಷೆಗೆ ಇನ್ನು ಐದು ವಾರವಿತ್ತು.

ಅಂದು ಅಪ್ಪಾಜಿಯ ಮುಂದೆ ಹೋಗಿ ನಿಂತೆ. ಅವರು ಎಲ್ಲ ಕೇಳಿ, "ಎದುರು ಸಾಲಿಗೆ ಹೊಸ ನಲ್ಲಿ ಬೇಕು ಅಂತ ಅರ್ಜಿ ಬರಿ. ಎಲ್ಲಕ್ಕೂ ಒಂದು ಕ್ರಮ ಇದೆ," ಎಂದು ಒಂದು ಹಾಳೆ ಕೊಟ್ಟರು. ಅಂಚು ಬಿಟ್ಟು, ಮುತ್ತಿನಂಥ ಅಕ್ಷರಗಳಲ್ಲಿ ಬರೆದೆ.

ನಮ್ಮ ಡಿವಿಷನ್ನಿನ ಕೌನ್ಸಿಲರ್ ಹಿಂದಿನ ಬೀದಿಯ ವಕೀಲರು. ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಜಗಲಿಯಲ್ಲಿ ಕೂರುತ್ತಿದ್ದರು; ಯಾರು ಬೇಕಾದರೂ ಹೋಗಬಹುದಿತ್ತು. ಅರ್ಜಿಯ ಮೇಲೆ ಕಣ್ಣಾಡಿಸಿ, "ಅಕ್ಷರ ಚೆನ್ನಾಗಿದೆ ಮಗು. ಆದ್ರೆ ಎದುರು ಸಾಲು ನಂದಲ್ವಲ್ಲ," ಎಂದು ಹಿಂದಕ್ಕೆ ಕೊಟ್ಟರು. ಆ ಸಾಲಿನ ಕೌನ್ಸಿಲರ್‌ಗೆ ಕಾಟನ್‌ಪೇಟೆಯಲ್ಲಿ ಮಂಡಿ. ಅಪ್ಪಾಜಿ ಅಂಗಡಿಗೆ ಹೋಗುವ ದಾರಿಯಲ್ಲಿ ನನ್ನನ್ನು ಅಲ್ಲಿಗೆ ಕರೆದೊಯ್ದರು. ಮಂಡಿಯವರು ಬೆರಳು ಮಡಿಸುತ್ತಾ ಹೇಳಿದರು: "ಮೊದ್ಲು ಸಮಿತಿ ಮುಂದೆ ಇಡ್ಬೇಕು. ಅವರು ಒಪ್ಪಿದ್ರೆ ಕೌನ್ಸಿಲ್‌ಗೆ. ಅಲ್ಲಿ ಪಾಸಾದ್ರೆ ಕಮಿಷನರ್ ಹತ್ರ. ಅವರು ಇಂಜಿನಿಯರ್‌ಗೆ ಬರೀತಾರೆ. ಇಂಜಿನಿಯರ್ ಬಂದು ನೋಡ್ತಾರೆ. ಆಯ್ತಾ?"

"ಯಾವತ್ತು ಆಗತ್ತೆ?"

"ಆಗತ್ತೆ."

ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಐದು ಚೌಕ ಬರೆದೆ. ಒಂದೊಂದು ಹಂತ ಮುಗಿದಾಗಲೂ ಒಂದೊಂದಕ್ಕೆ ಕೆಂಪು ಬಳಿಯಬೇಕೆಂದು. ಪ್ರತಿ ಶನಿವಾರ ಮಂಡಿಗೆ ಹೋಗಿ ಕೇಳುವೆ. ಸಮಿತಿ ಸೇರಲಿಲ್ಲ. ಸೇರಿತು, ಕೋರಂ ಇರಲಿಲ್ಲ. ಸೇರಿತು, ಮುಂದಕ್ಕೆ ಹಾಕಿದರು. ಒಂದು ಚೌಕವೂ ಕೆಂಪಾಗಲಿಲ್ಲ. ರಾತ್ರಿ ಚಾಪೆಯ ಮೇಲೆ ಹೊರಳುವೆ, ಬೆಳಿಗ್ಗೆ ಎದ್ದು ಗೆರೆಗೆ ಪುಡಿ ಹಾಕುವೆ. ಹೌದು, ಆಗಲೂ ಹಾಕುತ್ತಿದ್ದೆ. ಹೊಸ ನಲ್ಲಿ ಬರುವ ತನಕ ಹಳೆಯ ಗಡಿ ಗಡಿಯೇ ಎಂದು ನನ್ನ ತಿಳಿವಳಿಕೆ. ಮುನಿ ತಾಮ್ರದ ಕೊಡ ಹೊತ್ತು ಎದುರು ಸಾಲಿನ ಗೋಡೆಗುಂಟ ಹೋಗುವಳು. ಕೈಯಲ್ಲಿ ಪುಡಿ ಹಿಡಿದ ನನ್ನನ್ನು ನೋಡಿಯೂ ನೋಡದಂತೆ.

ಪರೀಕ್ಷೆಯ ದಿನ ನನ್ನ ಪಕ್ಕದ ಜಾಗ ಖಾಲಿ ಇತ್ತು. ಬಾಗಿಲ ಹೊರಗೂ ಯಾರೂ ನಿಂತಿರಲಿಲ್ಲ. ಪೇಪರ್ ಕೊಟ್ಟು ನೇರ ಹನುಮಂತಣ್ಣನ ಮನೆಗೆ ಓಡಿದೆ. ಅವನು ಹೊಸ್ತಿಲ ಮೇಲೆ ಕೂತು ಪೊರಕೆಗೆ ಹೊಸ ಕಡ್ಡಿ ಸೇರಿಸುತ್ತಿದ್ದ.

"ಓಕಳಿಪುರದಲ್ಲಿ ಅವಳ ಸೋದರತ್ತೆ ಮನೆಗೆ ಕಳಿಸ್ಬಿಟ್ಟೆ ತಾಯೀ. ಅಲ್ಲಿ ಮನೆ ಮುಂದ್ಕೇ ನೀರು ಬರತ್ತೆ."

"ಪರೀಕ್ಷೆ?"

ಅವನು ಕಡ್ಡಿಗಳನ್ನು ನೆಲಕ್ಕೆ ಕುಟ್ಟಿ ಸಮ ಮಾಡಿದ.

ವಕೀಲರ ಜಗಲಿಗೆ ಹೋದೆ. ಹೊತ್ತಲ್ಲದ ಹೊತ್ತು. ಅವರು ಊಟದ ಕೈ ತೊಳೆದು ಹೊರಬಂದರು. ಅಳುತ್ತಾ ಹೇಳಿದ್ದರಲ್ಲಿ ಅವರಿಗೆ ಎಷ್ಟು ತಿಳಿಯಿತೋ, ಮುಖ ಗಂಟಾಯಿತು.

"ಹಳೇ ನಲ್ಲೀಲಿ ಅವರು ನೀರು ಹಿಡೀಬಾರ್ದು ಅಂತ ಹೇಳಿದ್ಯಾರು?"

"ಬೇರೆ ಡಿವಿಷನ್ನು ಅಂತ..."

"ಡಿವಿಷನ್ ಮಾಡಿರೋದು ಓಟು ಎಣಿಸೋಕಮ್ಮಾ. ನೀರು ಇಡೀ ಊರಿಂದು. ನಿನ್ನ ಅರ್ಜೀಲಿ ಹೊಸ ನಲ್ಲಿ ಕೇಳಿದ್ದೆ. ಹಳೇದ್ರಲ್ಲಿ ಬಿಡ್ತಿಲ್ಲ ಅಂತ ಒಂದು ಮಾತು ಬರೆದಿದ್ರೆ ಅವತ್ತೇ ಬರ್ತಿದ್ದೆ."

ಮರುದಿನ ಐದೂವರೆಗೆ ಅವರು ಪಂಚೆ ಎತ್ತಿಕಟ್ಟಿ ನಲ್ಲಿಯ ಪಕ್ಕದಲ್ಲಿ ನಿಂತಿದ್ದರು. ಗೌರಮ್ಮನವರು ಸೆರಗು ಹೊದ್ದುಕೊಂಡು, "ಅಯ್ಯೋ, ನಾವೆಲ್ಲಿ ಬೇಡ ಅಂದ್ವಿ ಸ್ವಾಮೀ? ಗೆರೆ ಹಾಕಿದ್ದು ಮಗು," ಎಂದರು. ಅದರಲ್ಲಿ ಸುಳ್ಳಿರಲಿಲ್ಲ. ಎಲ್ಲರೂ ನನ್ನತ್ತ ತಿರುಗಿದರು. ನಾನು ತುಂಬಿದ ಬಿಂದಿಗೆಯನ್ನು ಎತ್ತಿ ಗೆರೆಯ ಮೇಲೆ ಬಗ್ಗಿಸಿದೆ. ಒಂದು ಬಿಂದಿಗೆ ಸಾಲಲಿಲ್ಲ. ಬರಗಾಲದಂಥ ಬೇಸಿಗೆಯಲ್ಲಿ ಮೂರು ಬಿಂದಿಗೆ ನೀರು ಸುರಿದೆ, ಯಾರೂ ಬೇಡವೆನ್ನಲಿಲ್ಲ.

ನಾಲ್ಕು ಮನೆಗಳವರು ಮತ್ತೆ ಬಂದರು. ಮುನಿ ಬರಲಿಲ್ಲ. ಎದುರು ಸಾಲಿನ ಹೊಸ ನಲ್ಲಿ ಐದೂ ಹಂತ ದಾಟಿ ಮುಂದಿನ ವರ್ಷ ಬಂತು. ಕ್ರಮದಲ್ಲಿ ಎಲ್ಲಿಯೂ ತಪ್ಪಾಗಿರಲಿಲ್ಲ.

ಮುಂದೆ ನಾನೂ ಮೂವತ್ತು ವರ್ಷ ಶಾಲೆಯಲ್ಲಿ ಮೇಡಂ ಎನ್ನಿಸಿಕೊಂಡೆ. ಘಂಟೆ ಹೊಡೆದ ಮೇಲೆ ಬಂದ ಮಕ್ಕಳನ್ನು ಒಂದು ದಿನವೂ ಹೊರಗೆ ನಿಲ್ಲಿಸಲಿಲ್ಲ. ನನ್ನ ಶಿಸ್ತಿನಲ್ಲಿ ಅದೊಂದು ಸಡಿಲ. ಈಗ ಬಸವನಗುಡಿಯಲ್ಲಿದ್ದೇನೆ. ಇಲ್ಲಿಯೂ ಐದಕ್ಕೇ ಎಚ್ಚರ. ಬೀದಿ ನಲ್ಲಿಗಳು ಹೋಗಿ ಎಷ್ಟೋ ಕಾಲವಾಯಿತು. ಒಂದಿದ್ದ ಕಾರ್ಪೊರೇಷನ್ ಐದಾಗಿದೆ. ಆರಿಸಿದ ಸದಸ್ಯರಿಲ್ಲದೆ ವರ್ಷಗಳನ್ನೇ ಕಳೆದಿದ್ದೇವೆ. ನೀರು ಬಾರದಿದ್ದರೆ ಮೊಬೈಲಿನಲ್ಲಿ ದೂರು ಒತ್ತಬೇಕು. ನೀರು ಬರುವ ಮೊದಲೇ 'ನಿಮ್ಮ ದೂರು ಪರಿಹಾರವಾಗಿದೆ' ಎಂದು ಸಂದೇಶ ಬರುತ್ತದೆ. ಊಟದ ಕೈ ತೊಳೆದು ಎದ್ದು ಬಂದು, ನಿನ್ನ ಅರ್ಜಿಯಲ್ಲಿ ಇದನ್ನು ಏಕೆ ಬರೆಯಲಿಲ್ಲ ಎಂದು ಗದರುವ ಒಬ್ಬ ಮನುಷ್ಯ ಇದ್ದ ಜಗಲಿ ಈಗ ಯಾವ ಬೀದಿಯಲ್ಲಿದೆ?

ಮೊನ್ನೆ ಹೊಸ ವಾರ್ಡುಗಳ ನಕ್ಷೆಯನ್ನು ಪಕ್ಕದ ಮನೆಯ ಹುಡುಗಿ ಮೊಬೈಲಿನಲ್ಲಿ ತೋರಿಸಿದಳು. "ನಮ್ಮ ಗಡಿ ಇಲ್ಲಿ ಬರತ್ತೆ ಅಜ್ಜಿ, ಈ ರೋಡ್ ಮಧ್ಯಕ್ಕೆ." ನಾನು ಕನ್ನಡಕ ತೆಗೆದು ಮಡಿಸಿಟ್ಟೆ. ನಲ್ಲಿಯಿಂದ ಮುನಿಯ ಮನೆಗೆ ಇದ್ದದ್ದು ಇಪ್ಪತ್ತಾರು ಹೆಜ್ಜೆ. ಗೆರೆ ಹಾಕುವಾಗ ನಾನೇ ಅಳೆದಿದ್ದೆ. ಐದು ವಾರ, ದಿನವೂ ಬೆಳಿಗ್ಗೆ, ನನ್ನ ಸೊಂಟದ ಮೇಲೆ ತುಂಬಿದ ಬಿಂದಿಗೆ ಇತ್ತು. ಅದನ್ನು ಹೊತ್ತು ಆ ಇಪ್ಪತ್ತಾರು ಹೆಜ್ಜೆ ನಾನು ಒಂದು ದಿನವೂ ನಡೆಯಲಿಲ್ಲ.