ಮಂಗಳವಾರದ ಬ್ಯಾಟರಿ

ಓರ್ಫಾ ಟಿಲ್ಟನ್‌ಳಷ್ಟು ಪುಕ್ಕಲು ಹೆಂಗಸು ನೆಬ್ರಾಸ್ಕದ ಮರಳುಗುಡ್ಡಗಳ ಸೀಮೆಯಲ್ಲೇ ಇರಲಿಲ್ಲ. ಗುಡುಗೆಂದರೆ ಹೆದರಿಕೆ, ಹೋರಿಯೆಂದರೆ ಹೆದರಿಕೆ, ಇಂಜಿನ್ ಹತ್ತಿಸಲು ಟ್ರಕ್ಕಿಗೆ ಹ್ಯಾಂಡಲ್ ಹೊಡೆಯುವುದೆಂದರಂತೂ ಜೀವವೇ ಬಾಯಿಗೆ ಬರುತ್ತಿತ್ತು. ಅದು ಹಿಂದಕ್ಕೆ ಒದ್ದು ಅವಳಪ್ಪನ ಮೊಣಕೈ ಮುರಿದಿತ್ತು. ಅಂಥವಳು ಮಂಗಳವಾರ ಸಂಜೆಯಾದರೆ ಸಾಕು, ಕಳ್ಳಕಾಕರನ್ನು ಬೆನ್ನಟ್ಟುವ ಮಾರ್ಷಲ್ ಟೋಲನ್‌ನ ಕುದುರೆ ರೇಡಿಯೋ ನಾಟಕದಲ್ಲಿ ಟಕಟಕ ಬರುವುದನ್ನೇ ಕಾಯುತ್ತಿದ್ದಳು. ಅಲ್ಲಿ ಗುಂಡು ಹಾರುತ್ತಿತ್ತು, ಹೆಣ ಬೀಳುತ್ತಿತ್ತು. ಆದರೂ ಕಥೆ ಮುಗಿಯುವುದರೊಳಗೆ ಟೋಲನ್ ಬಂದೇ ಬರುತ್ತಿದ್ದ. ಬರುವವನೊಬ್ಬನಿದ್ದಾನೆಂದು ಗೊತ್ತಿದ್ದರೆ ಹೆದರುವುದರಲ್ಲೂ ಒಂದು ಸುಖವಿದೆ, ಏನಂತೀರಿ?

ಗಂಡ ಎಮೆಟ್ ಮಾತ್ರ, "ಮುದುಕಿಯಾಗ್ತಾ ಬಂದೆ, ಇನ್ನೂ ಈ ಢಂ ಢಂ ಬೇಕಾ?" ಎಂದು ರೇಗಿಸುತ್ತಿದ್ದ.

"ನಿನ್ನ ಗೊರಕೆಗಿಂತ ವಾಸಿ, ಹೋಗು."

ಎರಡನೇ ಮಹಾಯುದ್ಧ ಮುಗಿದಿದ್ದರೂ ಆ ಕಡೆಗೆ ಕರೆಂಟ್ ಇನ್ನೂ ಬಂದಿರಲಿಲ್ಲ. ರೇಡಿಯೋದ ಬ್ಯಾಟರಿ ಇಳಿದರೆ ಟ್ರಕ್ಕಿನದನ್ನೇ ಬಿಚ್ಚಿ ತಂದು ತಂತಿ ಸಿಕ್ಕಿಸುವುದು ಎಲ್ಲರ ಮನೆಯ ರೂಢಿ. ಆ ಮಂಗಳವಾರ ಓರ್ಫಾ ಅದನ್ನೇ ಮಾಡಿದಳು. ದನಿ ಸಣ್ಣಗಾಗುತ್ತಾ ಬಂದರೂ ಆರಿಸಲು ಮನಸ್ಸಾಗಲಿಲ್ಲ. ಕಳ್ಳರು ಟೋಲನ್‌ನನ್ನು ಕಟ್ಟಿಹಾಕಿದ್ದರು, ಹೇಗೆ ಆರಿಸುತ್ತಾಳೆ?

ಬಾಗಿಲಲ್ಲಿ ಎಮೆಟ್ ಬಂದು ನಿಂತ. ಮುಖದಲ್ಲಿ ರಕ್ತವೇ ಇರಲಿಲ್ಲ. "ಓರ್ಫಾ, ಹುಲ್ಲಿನ ಮೆದೆಯಲ್ಲಿ ಹಾವು ಕಣೇ. ಬಾಲ ಗಿಲಗಿಲ ಆಡಿಸೋದು" ಎಂದು ಊದುತ್ತಿದ್ದ ಕೈ ತೋರಿಸಿದ.

ಡಾಕ್ಟರಿದ್ದದ್ದು ಮೈಲಿಗಟ್ಟಲೆ ದೂರದ ಪೇಟೆಯಲ್ಲಿ. ಬ್ಯಾಟರಿಯನ್ನು ಹೊಟ್ಟೆಗೊತ್ತಿಕೊಂಡು ಓಡಿದಳು, ತಂತಿ ಬಿಗಿದಳು. ಟ್ರಕ್ಕು ಒಮ್ಮೆ ನರಳಿ ಸುಮ್ಮನಾಯಿತು. ಇನ್ನು ಹ್ಯಾಂಡಲ್ಲೇ ಗತಿ.

"ನನ್ನ ಕೈಲಾಗಲ್ಲ ಮಾರಾಯ!"

"ಹಿಡಿಗೆ ಹೆಬ್ಬೆರಳು ಸುತ್ತಬೇಡ. ಮೇಲಕ್ಕೆ ಎಳಿ, ಅಷ್ಟೇ." ಟ್ರಕ್ಕಿನೊಳಗೆ ಕೂತಿದ್ದ ಎಮೆಟ್‌ನ ನಾಲಗೆ ಆಗಲೇ ತೊದಲುತ್ತಿತ್ತು.

ಅಳುತ್ತಲೇ ಎಳೆದಳು. ಒದ್ದಿತು, ಮಣಿಕಟ್ಟು ಜುಮ್ಮೆಂದಿತು. ಇವನೊಬ್ಬನನ್ನು ಉಳಿಸು ದೇವರೇ ಎಂದು ಬೇಡಿಕೊಳ್ಳುತ್ತ ಮತ್ತೆ ಎಳೆದಳು. ಇಂಜಿನ್ನು ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು.

ಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರು ಸೂಜಿ ಚುಚ್ಚಿ, ಬಹಳ ಹೊತ್ತು ಕಾದು, "ಜೀವಕ್ಕೇನೂ ಭಯವಿಲ್ಲಮ್ಮ, ಬೆರಳೊಂದು ಹೋಗಬಹುದು" ಎಂದ ಮೇಲೆಯೇ ಓರ್ಫಾ ಮಂಚದ ಪಕ್ಕ ಕುಸಿದು ಕೂತದ್ದು. "ನನ್ನ ಹಾಳು ಚಟಕ್ಕೆ ನಿನ್ನನ್ನ ಕೊಂದೇಬಿಡ್ತಿದ್ದೆ. ಬ್ಯಾಟರಿ ಖಾಲಿ ಮಾಡಿದ್ದು ನಾನೇ" ಎಂದು ಬಿಕ್ಕಿದಳು.

ಎಮೆಟ್ ಗೋಡೆಯ ಕಡೆ ಮುಖ ತಿರುಗಿಸಿದ. "ದಿನಾ ಕೋಲಿಂದ ಮೆದೆ ತಟ್ಟಿಯೇ ಕೈ ಹಾಕೋದು ನಾನು. ಇವತ್ತು ತಟ್ಟಲಿಲ್ಲ."

"ಯಾಕೆ?"

"ಮಂಗಳವಾರ ಅಲ್ವೇನೇ? ಅಡುಗೆಮನೆ ಕಿಟಕಿ ಕೆಳಗೆ ನಿಂತು ನಾನೂ ಟೋಲನ್ ಕಥೆ ಕೇಳ್ತೀನಿ, ಮೊದಲಿಂದ್ಲೂ. ಇವತ್ತು ತಡವಾಗಿಬಿಟ್ಟಿತ್ತು, ಅವಸರ ಮಾಡಿದೆ."

"ಒಳಗೆ ಬಂದು ನನ್ನ ಪಕ್ಕ ಕೂತು ಕೇಳೋಕೆ ನಿನಗೇನು ಧಾಡಿಯಾಗಿತ್ತು!" ಎಂದು ಓರ್ಫಾ ಆಸ್ಪತ್ರೆಯೆಲ್ಲ ಕೇಳುವಂತೆ ಕಿರುಚಿದಳು.